ಮಂಡಿಯೂರದ ಗಾಡಿ

ಅದು ದಾರಿಯೇ ಅಲ್ಲ ಅನ್ನುವುದಾದರೆ ಅದಕ್ಕೆ ಅಡ್ಡವಾಗಿ ಹಳ್ಳ ಯಾಕೆ ತೋಡಬೇಕು?

ಈ ಪ್ರಶ್ನೆಯನ್ನು ಮೇಲಿನ ಬೀದಿಯವರು ಶಿವರಾಜುವಿಗೆ ಕೇಳಲಿಲ್ಲ. ಅವರ ಮನೆಗಳ ಮುಂದೆ ಟಾರು ಬಿದ್ದು ವರ್ಷಗಳಾಗಿದ್ದವು, ಕೇಳುವ ಗರಜು ಅವರಿಗೇನಿತ್ತು. ಕೇಳಿದವರು ಕೇರಿಯವರು. ಆದರೆ ಕೇರಿಯವರು ಕೇಳಿದ್ದನ್ನು ಈ ಊರಲ್ಲಿ ಪ್ರಶ್ನೆ ಅನ್ನುವುದಿಲ್ಲ, ಗಲಾಟೆ ಅನ್ನುತ್ತಾರೆ.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ತಿರುಗಿ, ಒಂದು ಕಡೆ ನಾಲೆ ಇನ್ನೊಂದು ಕಡೆ ಶಿವರಾಜುವಿನ ಕಬ್ಬಿನ ಗದ್ದೆ, ನಡುವೆ ಹಾದು ಕೇರಿ ಸೇರುವ ಜಾಡು ಅದು. ಹೋದ ವರ್ಷ ಶಿವರಾಜು ಜೆಸಿಬಿ ತರಿಸಿ ಆ ಜಾಡಿಗೆ ಅಡ್ಡ ಹಳ್ಳ ಎಳೆಸಿದ. ಗದ್ದೆಯ ನೀರು ಬಸಿಯಲಿ ಅಂತ ಎಂದ. ತೋಡಿದ ಮಣ್ಣನ್ನು ಬೇರೆಲ್ಲೂ ಸಾಗಿಸದೆ ಹಳ್ಳದ ಬಾಯಲ್ಲೇ ದಿಬ್ಬವಾಗಿ ಪೇರಿಸಿದ. ನೀರು ಬಸಿಯುವ ಹಳ್ಳಕ್ಕೆ ದಿಬ್ಬದ ಕಾವಲು ಯಾಕೆ ಬೇಕು ಅನ್ನುವುದನ್ನು ನೀರೇ ಹೇಳಬೇಕು. ಅಂದಿನಿಂದ ಆಟೋದವರು ದಿಬ್ಬದ ಆಚೆಗೇ ನಿಂತು ಹಾರನ್ ಹೊಡೆದರು. ಆಂಬುಲೆನ್ಸು ಕೂಡ ಅಲ್ಲಿಗೇ. ಎರಡೂ ಕಿಡ್ನಿ ಕೈಕೊಟ್ಟು ನಂಜನಗೂಡಿಗೆ ಡಯಾಲಿಸಿಸ್‌ಗೆ ಹೋಗಿಬರಬೇಕಾದ ಮುದುಕಿ ಪಾಪಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೆಗಲು ಕೊಟ್ಟು ರಸ್ತೆಗೆ ಹೊರಬೇಕಾಯಿತು. "ಸಾಯಕ್ ಮುಂಚೇನೇ ನಾಲ್ಕ್ ಜನ ಒತ್ಕಂಡ್ ಓಯ್ತಾವ್ರೆ. ನನ್ ಯೋಗ ನೋಡ್ರಪ್ಪ" ಅನ್ನುತ್ತಿದ್ದಳು ಪಾಪಮ್ಮ. ಹೊತ್ತವರು ನಗುತ್ತಿದ್ದರು. ನಗು ಮುಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅವಳ ಮೊಮ್ಮಗ ಪ್ರೇಮ್‌ಕುಮಾರ್ ಒಂದು ವಿದೇಶಿ ಗಾಡಿಯನ್ನು ತಂದದ್ದು ಆಗ. ಕಾಡಂಚಿನ ರೆಸಾರ್ಟೊಂದರಲ್ಲಿ ಅವನು ಪ್ರವಾಸಿಗರಿಗೆ ಹುಲಿ ತೋರಿಸುವ ಡ್ರೈವರ್ ಆಗಿದ್ದ. ಗಾಡಿ ಹಳತಾಯಿತೆಂದು ಅವರು ಗುಜರಿಗೆ ಹಾಕಲು ಹೊರಟಾಗ, ಇಷ್ಟು ವರ್ಷ ನಾನೇ ತೊಳೆದ ಗಾಡಿ, ನನಗೇ ಕೊಡಿ ಎಂದು ಬೇಡಿ ತಂದ. ಅದಕ್ಕೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ನಾಲ್ಕು ಚಕ್ರಗಳ ಮೇಲೂ ಒಂದೊಂದು ರಬ್ಬರಿನ ಗಾಳಿಚೀಲ. ಗುಂಡಿ ಒತ್ತಿದರೆ ಹೊಟ್ಟೆಯಡಿಯ ಕಂಪ್ರೆಸರ್ ಗುರುಗುಟ್ಟಿ ಚೀಲಗಳಿಗೆ ಗಾಳಿ ತುಂಬುತ್ತದೆ, ಗಾಡಿ ಒಂದು ಮೊಳದಷ್ಟು ಮೇಲೇಳುತ್ತದೆ. ಶಿವರಾಜುವಿನ ದಿಬ್ಬ ಅದರ ಹೊಟ್ಟೆಗೆ ತಾಕಲೇ ಇಲ್ಲ. ಪಾಪಮ್ಮ ಮುಂದಿನ ಸೀಟಿನಲ್ಲಿ ಕೂತು ಹಳ್ಳ ದಾಟಿದ ಮೊದಲ ದಿನ ಕೇರಿಯ ಹೆಂಗಸರು ಸೋಬಾನೆ ಹೇಳಿದರು. ಶಿವರಾಜು ಕಬ್ಬಿನ ಮರೆಯಲ್ಲಿ ನಿಂತು ನೋಡಿದ.

ಸಂಕ್ರಾಂತಿ ಕಳೆದ ಮೇಲೆ ಗಾಡಿ ಮಲಗಿತು. ಕಂಪ್ರೆಸರ್ ಸುಟ್ಟ ವಾಸನೆ ಬಂದು ನಿಂತುಹೋಯಿತು. ಹೊಟ್ಟೆ ನೆಲಕ್ಕೆ ತಾಕುವಷ್ಟು ಕೆಳಗೆ ಕೂತ ಗಾಡಿಯನ್ನು ನೋಡಿ ಶಿವರಾಜುವಿಗೆ ಧೈರ್ಯ ಬಂತು. ಕೇರಿಯವರು ಕೊಟ್ಟ ಅರ್ಜಿಯ ವಿಚಾರಣೆಯಲ್ಲಿ ಅವನು ತಹಶೀಲ್ದಾರ್ ಹೇಮಲತಾ ಅವರ ಮುಂದೆ ಕೈಕಟ್ಟಿ ನಿಂತು ಹೇಳಿದ: "ಅದು ಕಾಲ್ದಾರಿ ಮೇಡಂ. ನಡ್ಕಂಡ್ ಓಗ್ಲಿ, ಬ್ಯಾಡ ಅಂದೋರ್ಯಾರು? ಗಾಡಿಗೀಡಿ ಅಲ್ಲಿ ಯಾವತ್ತೂ ಓಡಾಡಿದ್ದೇ ಇಲ್ಲ." ಮೊದಲು ಆಟೋ ಬರುತ್ತಿದ್ದದ್ದಕ್ಕೆ ಕೇರಿಯವರಲ್ಲದೆ ಬೇರೆ ಸಾಕ್ಷಿ ಇರಲಿಲ್ಲ.

"ಓಡಾಡ್ತದೆ, ನಮ್ ಗಾಡಿ ಓಡಾಡ್ತದೆ" ಎಂದ ಪ್ರೇಮ್‌ಕುಮಾರ್.

ಹೇಮಲತಾ ಇಬ್ಬರನ್ನೂ ನೋಡಿದರು. "ಸ್ಥಳಕ್ಕೆ ನಾನೇ ಬರ್ತೀನಿ. ಓಡಾಡುತ್ತೆ ಅಂದ್ರೆ ನನ್ನ ಕಣ್ಮುಂದೆ ಓಡಿಸಿ ತೋರ್ಸಿ. ಅಲ್ಲೀವರೆಗೆ ಒಂದು ಬಾಂಡ್ಲಿ ಮಣ್ಣನ್ನೂ ಯಾರೂ ಮುಟ್ಟೋ ಹಾಗಿಲ್ಲ."

ದಿನ ಗೊತ್ತಾಯಿತು. ಆ ದಿನಕ್ಕೆ ಮುಂಚಿನ ಬೆಳಗ್ಗೆ ಪ್ರೇಮ್‌ಕುಮಾರನ ತಂಗಿ ಕವನ ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರಿನಿಂದ ಬರುವ ಬಸ್ಸಿಗೆ ಕಾಯುತ್ತ ನಿಂತಿದ್ದಳು.

ಕವನ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ನರಸೀಪುರದ ಲಾರಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಳು. ಏರ್‌ಬ್ರೇಕ್ ಅವಳ ಪಾಲಿನ ಕೆಲಸ. ಗಾಳಿ ಎಲ್ಲಿ ತುಂಬುತ್ತದೆ, ಎಲ್ಲಿ ಸೋರುತ್ತದೆ ಅನ್ನುವುದನ್ನು ಕಿವಿಯಲ್ಲೇ ಹಿಡಿಯುತ್ತಾಳೆ ಅನ್ನುವ ಹೆಸರು. ತಾನು ಹೇಳಿ ತರಿಸಿದ್ದ ಮೂಟೆ ಬಸ್ಸಿನಿಂದ ಇಳಿದ ಕೂಡಲೇ ಅಲ್ಲೇ ಬಿಚ್ಚಿದಳು. ಯಾವುದೋ ಅಪಘಾತದ ಗಾಡಿಯಿಂದ ಕಳಚಿದ ಕಂಪ್ರೆಸರ್. ಹಳೆಯದೇ, ಆದರೆ ಮೈ ಚೊಕ್ಕಟವಾಗಿತ್ತು. ಕಂಡಕ್ಟರ್ ಬಗ್ಗಿ ನೋಡಿ, "ಏನವ್ವ ಅದು, ಬೋರ್‌ವೆಲ್ ಮೋಟ್ರಾ?" ಎಂದ.

"ಮೇಲೆತ್ತೋದು ಹೌದಣ್ಣ. ನೀರಲ್ಲ" ಎಂದಳು ಕವನ.

*

ಕೇರಿಯ ಸಮುದಾಯ ಭವನದ ಮುಂದಿನ ಹೊಂಗೆ ನೆರಳಲ್ಲಿ ಗಾಡಿ ಮಲಗಿತ್ತು. ಪಾಪಮ್ಮ ತನ್ನ ಮಾಮೂಲು ಜಾಗದಲ್ಲಿ, ಗೋಡೆಗೆ ಒರಗಿ, ಒಂದು ಕರೀ ಮರದ ತುಂಡಿನ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ನೀರು ಕಡಿಮೆ ಕುಡಿ ಅಂದಿದ್ದಾರೆ ಡಾಕ್ಟರು, ಎಲೆ ಅಡಿಕೆ ಬಿಡು ಅಂದಿಲ್ಲ ಅನ್ನುವುದು ಅವಳ ವಾದ. ಡಾಕ್ಟರು ಅದನ್ನೂ ಅಂದಿದ್ದರು.

"ಬಂದ್ಯಾ ಮಗ? ಬಾ. ನಿಮ್ಮಣ್ಣ ಬೆಳಗ್ಗಿಂದ ಗಾಡಿ ಸುತ್ತ ಪ್ರದಕ್ಷಿಣೆ ಆಕ್ತಾವ್ನೆ, ಗಾಡಿ ವರ ಕೊಡ್ತಾ ಇಲ್ಲ."

"ಅಜ್ಜಿ, ಸುಮ್ಕಿರು" ಎಂದ ಪ್ರೇಮ್‌ಕುಮಾರ್.

ಕವನ ಮೊದಲು ಗಾಡಿಯ ಅಡಿಗೆ ತೂರಲಿಲ್ಲ. ಜಾಕ್ ಕೊಟ್ಟು ಚಾಸಿಯನ್ನು ಎತ್ತಿ, ಎರಡೂ ಕಡೆ ಕಲ್ಲು ದಿಮ್ಮಿ ಜೋಡಿಸಿ, ಭುಜ ಕೊಟ್ಟು ಅಲ್ಲಾಡಿಸಿ ನೋಡಿದಳು. "ಗಾಳಿ ನಂಬ್ಕೊಂಡು ಗಾಡಿ ಕೆಳಗೆ ಮಲಗೋನು ಬದುಕಲ್ಲ" ಎಂದಳು ಅಣ್ಣನಿಗೆ. ಆಮೇಲೆ ಗೋಣಿತಾಟು ಹಾಸಿ ಒಳಗೆ ಸರಿದಳು.

ಕಂಪ್ರೆಸರ್ ಚಾಸಿಯ ಪಕ್ಕಕ್ಕೆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂತಿತ್ತು. ಪೆಟ್ಟಿಗೆ ತೆಗೆದ ಕೂಡಲೇ ಸುಟ್ಟ ವಾರ್ನಿಷಿನ ಘಾಟು. ಬೋಲ್ಟುಗಳಿಗೆ ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಸ್ಪಾನರಿಗೆ ಪೈಪು ಸಿಕ್ಕಿಸಿ ಉದ್ದ ಮಾಡಿ ಎಳೆದಳು. ಒಂದು ಬೋಲ್ಟು ಬಂತು, ಇನ್ನೊಂದು ಬಂತು, ಮೂರನೆಯದು ತಲೆ ಮುರಿದುಕೊಂಡಿತು. ಕವನ ಬೈದ ಬೈಗುಳಕ್ಕೆ ಪಕ್ಕದ ಮನೆಯ ಮುತ್ತಮ್ಮ ಹೊರಗೆ ಬಂದಳು.

"ಇದ್ನ ಡಿಪ್ಲೊಮಾದಲ್ಲಿ ಕಲ್ಸುದ್ರಾ ಮಗ್ಳೇ?"

"ಇಲ್ಲ ಮುತ್ತಮ್ಮತ್ತೆ, ಇದು ನಿನ್ ಯೂನಿವರ್ಸಿಟಿದು."

ಮುರಿದ ಬೋಲ್ಟನ್ನು ಕೊರೆದು ತೆಗೆದದ್ದಾಯಿತು. ಗಾಳಿಯ ಪೈಪಿನ ಕೊರಳಪಟ್ಟಿ ಒತ್ತಿ ಹಿಡಿದು ಎಳೆದಾಗ ಅದು ಸರಕ್ಕನೆ ಬಿಟ್ಟುಕೊಂಡಿತು. ಹಳೆಯ ಕಂಪ್ರೆಸರನ್ನು ಹೊರಗೆ ತಂದು ಬಿಚ್ಚಿದಳು. ಪಿಸ್ಟನ್ನಿನ ರಿಂಗು ಕರಗಿ ಅಂಟಿಕೊಂಡಿತ್ತು. ತೇವ ಹೀರುವ ಮಣಿಗಳು ಪುಡಿಯಾಗಿ ರಾಗಿಹಿಟ್ಟಿನಂತೆ ಸುರಿದವು. ಕರೆಂಟು ಕೊಡುವ ರಿಲೇ ಕೂಡ ಕರಕಲು.

"ಇದು ತಾನಾಗಿ ಸತ್ತಿಲ್ಲ ಅಣ್ಣ. ಬಿಡುವಿಲ್ಲದೆ ದುಡಿಸಿ ಸಾಯ್ಸಿದ್ದೀರ. ಎಲ್ಲೋ ಗಾಳಿ ಸೋರ್ತಿತ್ತಾ?"

"ಇಲ್ಲಪ್ಪ" ಎಂದ ಪ್ರೇಮ್‌ಕುಮಾರ್, ಹೊಂಗೆ ಮರದ ಕಡೆ ನೋಡುತ್ತ.

"ಏನಾದ್ರೂ ತಗುಲ್ತಾ? ಕಲ್ಲು, ಮುಳ್ಳು?"

"ಏನೂ ಇಲ್ಲ ಅಂದ್ನಲ್ಲ. ವಯಸ್ಸಾಗಿತ್ತು, ಓಯ್ತು."

ಪಾಪಮ್ಮನ ಕುಟ್ಟಾಣಿ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಬಸ್ಸಿನಲ್ಲಿ ಬಂದ ಕಂಪ್ರೆಸರನ್ನು ಕೂರಿಸಿ, ಹೊಸ ರಿಲೇ ಹಾಕಿ, ಕವನ ಕೀಲಿ ತಿರುಗಿಸಿದಳು. ಗುರ್ರೆಂದು ಸದ್ದು ಬಂತು. ಗಾಡಿಯ ಹಿಂಭಾಗ ಮೊದಲು ಮೇಲೆದ್ದಿತು, ಆಮೇಲೆ ಮೂತಿ. ದಿಮ್ಮಿಗಳ ಮೇಲೆ ಬೆಳಕು ಕಂಡಿತು. ಕೇರಿಗೆ ಕೇರಿಯೇ ಕೂಗಿಕೊಂಡಿತು. "ಎದ್ದ ಕಣವ್ವ ನನ್ ಮಗ" ಎಂದಳು ಪಾಪಮ್ಮ. ಪ್ರೇಮ್‌ಕುಮಾರ್ ತಂಗಿಯ ಮಸಿ ಮೆತ್ತಿದ ಕೈಯನ್ನೇ ಹಿಡಿದು ಕುಲುಕಿದ.

ದಿಮ್ಮಿ ತೆಗೆದಿಟ್ಟು ಮುದ್ದೆ ಉಂಡು ಬರುವಷ್ಟರಲ್ಲಿ ಗಾಡಿಯ ಎಡಹಿಂಬದಿ ಕುಸಿದಿತ್ತು.

ಒಂದು ಮೂಲೆ ಕೆಳಗಾದ ಗಾಡಿ, ಒಂದು ಕಾಲು ಮಡಚಿ ಕೂತ ದನದ ಹಾಗೆ ಕಂಡಿತು. ನೋಡುತ್ತಿದ್ದ ಹಾಗೆ ಉಳಿದ ಮೂರು ಮೂಲೆಗಳೂ ಉಸ್ಸೆಂದು ಇಳಿದವು.

"ಅವಕ್ಕೇನ್ ಬಂತಮ್ಮ ರೋಗ?" ಎಂದಳು ಮುತ್ತಮ್ಮ.

"ರೋಗ ಅಲ್ಲ ಅತ್ತೆ, ಬುದ್ಧಿ. ಇದರೊಳಗೊಂದು ಕಂಪ್ಯೂಟರ್ ಇದೆ. ಎಲ್ಲಾದ್ರೂ ಒಂಚೂರು ತಪ್ಪು ಕಂಡ್ರೆ ಸಾಕು, ನಾಲ್ಕೂ ಕಾಲು ಮಡಚಿ ಮಂಡಿಯೂರಿ ಬಿಡ್ತದೆ. ಸಾಹುಕಾರರ ಗಾಡಿ ನೋಡು. ಜಖಂ ಆಗಬಾರದು ಅಂತ ಅದಕ್ಕೆ ಹಾಗೆ ಕಲಿಸಿದ್ದಾರೆ."

"ನಮ್ಗೂ ಅದ್ನೇ ಅಲ್ವಾ ಕಲ್ಸಿದ್ದು" ಎಂದಳು ಮುತ್ತಮ್ಮ.

ಕವನ ಅಂಟುವಾಳದ ಕಾಯಿ ತರಿಸಿ ನೀರಲ್ಲಿ ಕಿವುಚಿದಳು. ನೊರೆಯಲ್ಲಿ ಬಟ್ಟೆ ಅದ್ದಿ ಪೈಪುಗಳಿಗೆ, ಜೋಡಣೆಗಳಿಗೆ, ಎಡಹಿಂಬದಿಯ ಗಾಳಿಚೀಲಕ್ಕೆ ಬಳಿದಳು. ಗುಳ್ಳೆ ಏಳಲಿಲ್ಲ. ಎಲ್ಲ ಭದ್ರ. ಅವಳು ಸುಮ್ಮನೆ ಕೂತು ಯೋಚಿಸಿದಳು. ಕುಪ್ಪಸದ ತೋಳು ಮಡಚಿದ್ದಾಗ ಹರಿದದ್ದು ಕಾಣುವುದಿಲ್ಲ, ಕೈ ಎತ್ತಿದಾಗ ಕಾಣುತ್ತದೆ. "ಅಣ್ಣ, ಪೂರ್ತಿ ಮೇಲಕ್ಕೆತ್ತು. ಎಷ್ಟು ಏಳ್ತದೋ ಅಷ್ಟು."

ಗಾಡಿ ಎದ್ದಿತು. ಚೀಲ ಹಿಗ್ಗಿ ಅದರ ಮಡಿಕೆ ಬಿಚ್ಚಿಕೊಂಡಿತು. ಮಡಿಕೆಯ ಒಳಗಿನಿಂದ ನೊರೆ ಬುರಬುರನೆ ಉಕ್ಕಿತು. ಕವನ ಬೆರಳಿಟ್ಟು ನೋಡಿದಳು. ರಬ್ಬರು ಅಲ್ಲಿ ಬಿಸಿಲಿಗೆ ಒಣಗಿದ ಕೆರೆಯಂಗಳದ ಹಾಗೆ ಬಿರಿದಿತ್ತು, ಒರಟಾಗಿ, ಕರಕಲಾಗಿ. ಬಿರುಕಿನಲ್ಲಿ ಅಂಟಿಕೊಂಡಿದ್ದ ಒಂದು ಎಳೆಯನ್ನು ಉಗುರಿನಲ್ಲಿ ಕಿತ್ತು ಬೆಳಕಿಗೆ ಹಿಡಿದಳು. ಸುಟ್ಟ ಭತ್ತದ ಹುಲ್ಲು.

"ಅಣ್ಣ."

ಪ್ರೇಮ್‌ಕುಮಾರ್ ಹೊಂಗೆ ಮರದ ಎಲೆ ಎಣಿಸುತ್ತಿದ್ದ.

"ಅಣ್ಣ, ಇದು ಬೆಂಕಿ ಮೇಲೆ ಹೋಗಿದೆ."

ಉತ್ತರ ಕೊಟ್ಟವಳು ಪಾಪಮ್ಮ. ಕುಟ್ಟಾಣಿಯನ್ನು ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ನುಡಿಯುವವಳ ಹಾಗೆ ಬೆನ್ನು ನೆಟ್ಟಗೆ ಮಾಡಿದಳು. "ನಾನೇ ಯೋಳಿದ್ದು. ಸಂಕ್ರಾಂತಿ ದಿನ ಕಿಚ್ಚಾಯ್ಸಿ ಅಂದೆ. ಆಯ್ಸುದ್ರು."

"ಗಾಡೀನಾ?"

"ಇನ್ನೇನ್ ನನ್ನಾ? ಮೇಲಿನ್ ಬೀದಿಯೋರು ವರ್ಸ ವರ್ಸ ಎತ್ಗೊಳ್ಗೆ ಕೊಂಬು ಬಣ್ಣ ಬಳ್ದು ಕಿಚ್ಚಾಯ್ಸ್ತಾರೆ. ನಿಮ್ ತಾತುನ್ ಕೈಲಿ ಎತ್ಗೊಳ್ ಇದ್ದಾಗ ಅವ್ರು ತಮ್ ಕಿಚ್ಚಿನ್ ಅತ್ರಕ್ಕೂ ಬುಡ್ಲಿಲ್ಲ. ಈಗ ನಮ್ಗೆ ಎತ್ತೇ ಇಲ್ಲ. ಇರೋದ್ ಇದೊಂದು. ಊರ್ ದಿಬ್ಬನೇ ದಾಟ್ದ ಗಂಡು. ಆಯ್ಲಿ ಕಣ್ರೋ ನಮ್ದೂ ಒಂದು ಅಂದೆ. ತಪ್ಪಾ?"

"ಬುದ್ಧವಿಹಾರಕ್ಕೆ ಹೋಗಿ ಪಂಚಶೀಲ ತಗೊಂಡೋಳು ನೀನು. ಕಿಚ್ಚು ಯಾಕಜ್ಜಿ ನಿಂಗೆ?"

"ಪಂಚಶೀಲದಲ್ಲಿ ಕಿಚ್ಚಾಯ್ಬೇಡ ಅಂತ ಎಲ್ಲವ್ವ ಅದೆ?"

ಕವನ ಅಣ್ಣನ ಕಡೆ ತಿರುಗಿದಳು. "ಎತ್ತು ಎಗರ್ತದೆ. ಜೋರಾಗಿ ಹೋಗಿದ್ರೆ ಇಷ್ಟು ಬೇಯ್ತಿರಲಿಲ್ಲ. ಎಷ್ಟು ನಿಧಾನ ಹೋದೆ?"

ಬಾಯಿ ಬಿಟ್ಟವಳು ಮುತ್ತಮ್ಮ. "ನಿಧಾನ ಎಲ್ ಬಂತು, ನಿಂತಿದ್ದ. ಬೆಂಕಿ ಮಧ್ಯಕ್ಕೇ ನಿಲ್ಸ್ಕಂಡು, ಕಿಟಕೀಲಿ ಕೈ ಆಡುಸ್ಕಂಡು, ಫೋಟೋ ಇಡೀರ್ಲಾ ಫೋಟೋ ಇಡೀರ್ಲಾ ಅಂತಿದ್ದ."

"ಚೆನ್ನಾಗ್ ಬಂದಿತ್ತು ಫೋಟೋ" ಎಂದ ಪ್ರೇಮ್‌ಕುಮಾರ್, ನೆಲಕ್ಕೆ ಹೇಳುವವನಂತೆ.

ಕವನಳಿಗೆ ಸಿಟ್ಟು ಬಂತು. ನಗುವೂ ಬಂತು. ಎರಡಕ್ಕೂ ಹೊತ್ತಿರಲಿಲ್ಲ. ಬೆಂಗಳೂರಿಗೆ ಫೋನು ಮಾಡಿದಳು. ಗಾಳಿಚೀಲ ಸಿಗುತ್ತದೆ, ತರಿಸಿ ಕಳಿಸಲು ವಾರ ಆಗುತ್ತದೆ ಎಂದರು. ನಾಳೆ ಬೆಳಗ್ಗೆ ತಹಶೀಲ್ದಾರರು ಬರುತ್ತಾರೆ. ಗಾಡಿ ದಾಟದಿದ್ದರೆ ಅದು ಕಾಲುದಾರಿ ಅಂತಲೇ ಕಾಗದಕ್ಕೆ ಏರುತ್ತದೆ. ಒಮ್ಮೆ ಏರಿದ್ದನ್ನು ಇಳಿಸಲು ಇನ್ನೊಂದು ತಲೆಮಾರು ಕಚೇರಿಗಳ ಮೆಟ್ಟಿಲು ಹತ್ತಬೇಕು. ಅಷ್ಟರಲ್ಲಿ ಪಾಪಮ್ಮ ಇರುವುದಿಲ್ಲ.

"ಮುಂದೂಡಕ್ ಕೇಳಣ್ವಾ?" ಎಂದ ಪ್ರೇಮ್‌ಕುಮಾರ್.

"ನಾವು ಮುಂದೂಡಿ ಅಂದ ದಿನವೇ ಅವನು ಗೆದ್ದ. ಬೇಡ." ಕವನ ಎದ್ದು ನಿಂತಳು. "ಸ್ಪ್ರಿಂಗ್ ಪ್ಲೇಟು ಮುರಿದ ಲಾರಿಯನ್ನ ಡ್ರೈವರ್‌ಗಳು ರಸ್ತೇಲಿ ಬಿಟ್ಟು ಬರ್ತಾರಾ? ಮರದ ತುಂಡು ಇಟ್ಟು ಕಟ್ಕೊಂಡು ಬರ್ತಾರೆ. ಆ ಚೀಲ ಕಿತ್ತು ಅದರ ಜಾಗಕ್ಕೆ ಮರ ಕೊಡೋಣ. ಉಳಿದ ಮೂರಕ್ಕೆ ಗಾಳಿ."

"ಕಂಪ್ಯೂಟರ್ ಒಪ್ಪುತ್ತಾ?"

"ಅದನ್ನ ಯಾರು ಕೇಳ್ತಾರೆ? ಫ್ಯೂಸ್ ಕಿತ್ತರೆ ಅದು ಮಾತೇ ಆಡಲ್ಲ. ಬ್ಯಾಟರಿಯಿಂದ ಕಂಪ್ರೆಸರಿಗೆ ನೇರ ವೈರು. ಒಂದೊಂದು ಚೀಲಕ್ಕೂ ನನ್ನ ಲಾರಿ ವಾಲ್ವು ಹಾಕಿ ನಾನೇ ತುಂಬ್ತೀನಿ, ನಾನೇ ಮುಚ್ತೀನಿ. ಎದ್ದದ್ದು ಕೂರೋ ಹಾಗೇ ಇಲ್ಲ."

ಮರ ಬೇಕಾಯಿತು. ಕೇರಿಯೆಲ್ಲ ಹುಡುಕಿತು. ನೀಲಗಿರಿ ತುಂಡು ತಂದರು; ಒತ್ತಡಕ್ಕೆ ಸೀಳುತ್ತದೆ ಎಂದಳು. ತೆಂಗಿನ ಬೊಡ್ಡೆ ತಂದರು. ಅದು ನಾರು, ಕುಸಿಯುತ್ತದೆ. ಬಾಗಿಲ ಹೊಸ್ತಿಲ ತುಂಡು ಗಟ್ಟಿಯಿತ್ತು, ಎತ್ತರ ಸಾಲದು. ಹೊತ್ತು ಇಳಿಯುತ್ತಿತ್ತು. ಕವನ ಅಳತೆಕೋಲು ಹಿಡಿದು ಸುತ್ತ ನೋಡಿದಳು. ಅವಳ ಕಣ್ಣು ಅಜ್ಜಿಯ ಮೇಲೆ ನಿಂತಿತು. ಅಜ್ಜಿಯ ಮೇಲಲ್ಲ, ಅಜ್ಜಿಯ ಕೆಳಗೆ.

"ಅಜ್ಜಿ, ಏಳು."

"ಯಾಕವ್ವ?"

"ಸ್ವಲ್ಪ ಏಳಜ್ಜಿ."

ಪಾಪಮ್ಮ ಕೂತಿದ್ದದ್ದು ಬಂಡಿಚಕ್ರದ ಗುಂಬದ ಮೇಲೆ. ಚಕ್ರದ ನಟ್ಟನಡುವೆ ಅಚ್ಚು ತೂರುವ, ಅರಗಳೆಲ್ಲ ಬಂದು ಸೇರುವ ಆ ದುಂಡನೆಯ ಜಾಲಿ ಮರ. ಎರಡೂ ತುದಿಗೆ ಕಬ್ಬಿಣದ ಬಳೆ. ಪಾಪಮ್ಮನ ಗಂಡ ದೊಡ್ಡಮಾದಯ್ಯ ಬದುಕಿರುವವರೆಗೆ ಬಂಡಿ ಹೊಡೆದವನು. ಅವನು ಸತ್ತ ಮೇಲೆ ಬಂಡಿಯ ಮೂಕಿ ಮುರಿಯಿತು, ಅರಗಳು ಒಲೆಗೆ ಹೋದವು. ಈ ಒಂದು ಗುಂಬವನ್ನು ಮಾತ್ರ ಪಾಪಮ್ಮ ಒಲೆಗೆ ಕೊಡಲಿಲ್ಲ. ಅಷ್ಟು ವರ್ಷದ ಹರಳೆಣ್ಣೆ ಕುಡಿದ ಮರ ಕಲ್ಲಿನಂತಾಗಿತ್ತು.

ಕವನ ಅಳೆದಳು. ಮತ್ತೆ ಅಳೆದಳು. ಅಜ್ಜಿಯ ಮುಖ ನೋಡಿದಳು. "ಸೀಳಿದ್ರೂ ಸೀಳಬಹುದು ಅಜ್ಜಿ."

ಪಾಪಮ್ಮ ಗೋಡೆ ಹಿಡಿದು ನಿಂತು ಗುಂಬವನ್ನೇ ನೋಡಿದಳು. "ತಕ್ಕೋ. ಬೋ ದಿನ ಕೂತಿತ್ತು ಅದು. ನಡೀಲಿ."

ಹೊತ್ತು ಮುಳುಗುವ ಮುಂಚೆ ಹರಿದ ಚೀಲ ಹೊರಗೆ ಬಂತು. ಅಚ್ಚಿಗೂ ಚಾಸಿಗೂ ನಡುವೆ ಗುಂಬ ಕೂತಿತು. ಮೇಲೆ ಕೆಳಗೆ ಟೈರಿನ ತುಂಡು ಕೊಟ್ಟು, ಲಾರಿಗೆ ಲೋಡು ಬಿಗಿಯುವ ಸರಪಳಿಯಲ್ಲಿ ಅದನ್ನು ಅಡ್ಡಡ್ಡ ಉದ್ದುದ್ದ ಬಿಗಿದದ್ದು ಪ್ರೇಮ್‌ಕುಮಾರ್. ಯಾರೂ ಹೇಳದೆ ಮತ್ತೊಂದು ಸಲ, ಮಗದೊಂದು ಸಲ ಎಳೆದು ಬಿಗಿದ. ಕವನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡಳು.

*

ಬೆಳಗ್ಗೆ ತಹಶೀಲ್ದಾರರ ಜೀಪು ದಿಬ್ಬದಾಚೆ ನಿಂತಿತ್ತು. ಶಿವರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮೇಲಿನ ಬೀದಿಯ ಹತ್ತಾರು ಜನರ ಮುಂದೆ. ಅವನ ಭಾವಮೈದ ಕೃಷ್ಣಕುಮಾರ್ ಎಳನೀರು ಕೊಚ್ಚಿ ಹೇಮಲತಾ ಅವರಿಗೆ ಕೊಡಲು ಹೋದ. ಅವರು ಬೇಡವೆಂದು ಕೈ ತೋರಿಸಿ ಗಡಿಯಾರ ನೋಡಿಕೊಂಡರು.

"ಅದು ಏಳಕಿಲ್ಲ ಮೇಡಂ, ಕೆಟ್ಟು ಮಲ್ಗದೆ. ಸುಮ್ಕೆ ನಿಮ್ ಟೈಮ್ ವೇಸ್ಟು" ಎಂದ ಶಿವರಾಜು.

ಅಷ್ಟರಲ್ಲಿ ಜಾಡಿನ ತಿರುವಿನಲ್ಲಿ ಗಾಡಿ ಕಾಣಿಸಿತು. ಎತ್ತರಕ್ಕೆ ಎದ್ದು, ಎಡಹೆಗಲು ತುಸು ಮೇಲೆ ಮಾಡಿಕೊಂಡು ಬರುತ್ತಿತ್ತು. ಸ್ಟಿಯರಿಂಗಿನಲ್ಲಿ ಪ್ರೇಮ್‌ಕುಮಾರ್. ಪಕ್ಕದಲ್ಲಿ ಆಸ್ಪತ್ರೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಪಾಪಮ್ಮ. ಬೇಡ ಅಂದದ್ದಕ್ಕೆ, "ಗಾಡಿ ಬರೋದ್ ಯಾಕೆ ಮತ್ತೆ, ಮೆರವಣಿಗೆಗಾ? ಇವತ್ ನನ್ ಆಸ್ಪತ್ರೆ ದಿನ" ಎಂದು ಹತ್ತಿ ಕೂತಿದ್ದಳು. ಗಾಡಿಯ ಮುಂದೆ ಕವನ ಹಿಂದು ಹಿಂದಕ್ಕೆ ನಡೆಯುತ್ತ ಎರಡೂ ಕೈಗಳಲ್ಲಿ ದಾರಿ ತೋರಿಸುತ್ತಿದ್ದಳು. ಹಿಂದೆ ಕೇರಿ.

ಹಳ್ಳದ ಅಂಚಿಗೆ ಬಂದು ಗಾಡಿ ನಿಂತಿತು. ಕವನ ಹಳ್ಳಕ್ಕೆ ಇಳಿದು ಆಚೆ ದಿಬ್ಬ ಹತ್ತಿದಳು. "ಬಾ. ನಿಲ್ಲಬೇಡ. ಫೋಟೋಗೂ ನಿಲ್ಲಬೇಡ."

ಮುಂದಿನ ಚಕ್ರಗಳು ಇಳಿದವು. ಎಂಜಿನು ನರಳಿತು. ಮೂತಿ ಮೇಲೆದ್ದು ದಿಬ್ಬ ಕಚ್ಚಿತು, ಹತ್ತಿತು. ಗಾಡಿಯ ಹೊಟ್ಟೆ ದಿಬ್ಬದ ನೆತ್ತಿಯ ಮೇಲೆ ಒಂದು ಗೇಣು ಬಿಟ್ಟು ಸಾಗಿತು. ಆಮೇಲೆ ಹಿಂದಿನ ಚಕ್ರಗಳ ಸರದಿ. ಎಡಚಕ್ರ ಹಳ್ಳಕ್ಕೆ ದೊಪ್ಪನೆ ಬಿದ್ದಾಗ ಒಳಗಿನಿಂದ ಧಡ್ ಎಂದು ಒಂದು ಸದ್ದು ಬಂತು. ಆ ಸದ್ದು ಕವನಳ ಹಲ್ಲಿನಲ್ಲಿ ಕೇಳಿಸಿತು. ಸೀಳಿತೇ? ಅವಳು ಕೈ ಇಳಿಸಲಿಲ್ಲ, ಬಾ ಬಾ ಎಂದು ಕರೆಯುತ್ತಲೇ ಇದ್ದಳು. ಸರಪಳಿ ಕಿರುಗುಟ್ಟಿತು. ಗಾಡಿ ಎಡಕ್ಕೆ ವಾಲಿ, ತಡೆದು, ಒಂದೇ ದಮ್ಮಿನಲ್ಲಿ ಮೇಲೆ ಬಂದು ತಹಶೀಲ್ದಾರರ ಜೀಪಿನ ಮುಂದೆ ನಿಂತಿತು.

ಕೇರಿಯವರು ಕೂಗಲಿಲ್ಲ. ಕೂಗಬೇಡಿ ಎಂದು ಕವನ ಮೊದಲೇ ಹೇಳಿದ್ದಳು. ಆ ಮೌನವನ್ನು ಮೇಲಿನ ಬೀದಿಯವರಿಗೆ ತಡೆಯಲಾಗಲಿಲ್ಲ.

"ಇದೇನ್ ಲೆಕ್ಕ ಮೇಡಂ?" ಎಂದ ಶಿವರಾಜು. ದನಿ ಏರಿತ್ತು. "ಇದು ಕಾಡಲ್ಲಿ, ಬೆಟ್ಟದಲ್ಲಿ ಓಡ್ಸೋ ಫಾರಿನ್ ಗಾಡಿ. ನನ್ ಮನೆ ಚಾವಣಿ ಮೇಲೂ ಅತ್ತದೆ. ಅಂಗಂತ ನನ್ ಚಾವಣಿ ರಸ್ತೆ ಆಯ್ತದಾ? ಈ ಬಡ್ಡಿಮಗುಂದೊಂದ್ ಬುಟ್ಟು ಇಲ್ಲಿ ಯಾವ ಗಾಡೀನೂ ಬಂದಿಲ್ಲ. ಅವ್ರಪ್ಪ ಬಂದಿಲ್ಲ, ಅವ್ರ್ ತಾತ ಬಂದಿಲ್ಲ."

ಮಾತಿನಲ್ಲಿ ಹುರುಳಿತ್ತು. ಹೇಮಲತಾ ತಲೆದೂಗಿದ್ದನ್ನು ಕವನ ಕಂಡಳು. ಗಾಡಿ ಎಬ್ಬಿಸುವುದನ್ನು ಮಾತ್ರ ಯೋಚಿಸಿದ್ದಳು. ಎದ್ದ ಗಾಡಿಗೇ ಎದುರಾಗುವ ವಾದವನ್ನು ಯೋಚಿಸಿರಲಿಲ್ಲ.

ಹೇಮಲತಾ ಗಾಡಿಯ ಸುತ್ತ ಬಂದರು. ಹಿಂಚಕ್ರದ ಬಳಿ ಬಗ್ಗಿದರು. "ಇದೇನಮ್ಮ ಸರಪಳಿ ಹಾಕಿ ಕಟ್ಟಿರೋದು? ಮರ?"

"ಗಾಳಿಚೀಲ ಹರಿದಿತ್ತು ಮೇಡಂ. ಅದರ ಬದಲು" ಎಂದಳು ಕವನ.

ಕಿಟಕಿಯಿಂದ ಪಾಪಮ್ಮನ ತಲೆ ಹೊರಬಂತು. "ಗುಂಬ ಕಣವ್ವ ಅದು. ನನ್ ಯಜಮಾನ್ರ ಬಂಡೀದು. ಅವ್ರ್ ತಾತ ಬಂದಿಲ್ಲ ಅಂದ್ನಲ್ಲ, ಅದೇ ತಾತುನ್ ಬಂಡಿ. ದೊಡ್ಡಮಾದಯ್ಯನ್ ಸ್ವಂತ ಬಂಡಿ."

"ಸ್ವಂತ?" ಶಿವರಾಜು ಮುಂದೆ ನುಗ್ಗಿದ. ಆ ಒಂದು ಮಾತು ಅವನಿಗೆ ಚುಚ್ಚಿತ್ತು. ದಾರಿ ಕಳೆದುಕೊಂಡರೂ ತಡೆದುಕೊಂಡಾನು. ಕೇರಿಯವನೊಬ್ಬನಿಗೆ ಸ್ವಂತದ್ದು ಒಂದಿತ್ತು ಅನ್ನುವುದನ್ನು ಹತ್ತು ಜನರೆದುರು ಕೇಳಿಸಿಕೊಂಡು ಹೇಗೆ ಸುಮ್ಮನಿರುವುದು? "ಯಾವ್ ಸ್ವಂತ ಮುದ್ಕಿ? ಯಾರ್ ಕೊಟ್ಟಿದ್ದು ಅದು? ನಮ್ಮಪ್ಪ! ನಮ್ಮಪ್ಪ ಮಾಡ್ಸಿ ಕೊಟ್ಟ ಬಂಡಿ ಮೇಡಂ ಅದು. ಬಳೆ ನೋಡಿ, ನಮ್ ಮನೆ ಗುರ್ತು ಒಡ್ಸಿರ್ತದೆ. ಇವಳ್ ಗಂಡ ಅದ್ನ ಒಡ್ಕಂಡಿದ್ದ ಅಷ್ಟೆ. ನಮ್ ಕಬ್ಬು ಪೂರಾ ಅದ್ರಲ್ಲೇ ಆಲೆಮನೆಗೆ ಸಾಗ್ತಿದ್ದಿದ್ದು. ನಾನೇ ಉಡುಗ್ನಾಗಿದ್ದಾಗ ಕಬ್ಬಿನ್ ಮೇಲ್ ಕೂತ್ಕಂಡು ಓಗಿವ್ನಿ. ಸ್ವಂತ ಅಂತೆ ಸ್ವಂತ!"

"ಭಾವ" ಎಂದ ಕೃಷ್ಣಕುಮಾರ್ ಮೆಲ್ಲಗೆ.

ಶಿವರಾಜು ಕೇಳಿಸಿಕೊಳ್ಳಲಿಲ್ಲ. ಬಗ್ಗಿ, ಗುಂಬದ ಬಳೆಯ ಮೇಲಿನ ಮಣ್ಣನ್ನು ಹೆಬ್ಬೆರಳಲ್ಲಿ ಉಜ್ಜಿ, ಅಲ್ಲಿ ಒತ್ತಿದ್ದ ತ್ರಿಶೂಲದ ಗುರುತನ್ನು ಗೆದ್ದವನಂತೆ ತೋರಿಸಿದ. "ನೋಡ್ಕಳಿ."

ಹೇಮಲತಾ ನೋಡಿದರು. ಎದ್ದು ನಿಂತರು. ಬಲಕ್ಕೆ ನಾಲೆಯನ್ನು ನೋಡಿದರು. ಎಡಕ್ಕೆ ಕಬ್ಬನ್ನು ನೋಡಿದರು. "ಸರಿ. ಕಬ್ಬು ತುಂಬಿದ ಬಂಡಿ ಇಲ್ಲಿಂದ ಆಲೆಮನೆಗೆ ಯಾವ ದಾರೀಲಿ ಹೋಗ್ತಿತ್ತು?"

ಗಾಳಿಗೆ ಕಬ್ಬಿನ ಸೋಗೆ ಸರಪರ ಅಂದಿತು. ಶಿವರಾಜು ಬಾಯಿ ತೆರೆದ. ನಾಲೆಯ ಕಡೆ ನೋಡಿದ. ಗದ್ದೆಯ ಕಡೆ ನೋಡಿದ. ತಾನು ನಿಂತ ನೆಲದ ಕಡೆ ನೋಡಿದ.

"ಹೇಳಿ ಶಿವರಾಜು. ನೀವೇ ಕೂತ್ಕೊಂಡು ಹೋಗಿದ್ದೀರಲ್ಲ."

"ಅದು... ಆವಾಗ..."

"ಬರ್ಕೊಳ್ರಿ" ಎಂದರು ಹೇಮಲತಾ, ಜೊತೆಗೆ ಬಂದಿದ್ದ ಗ್ರಾಮಲೆಕ್ಕಿಗನ ಕಡೆ ತಿರುಗಿ. "ಹಿಂದಿನಿಂದಲೂ ಬಂಡಿ ಓಡಾಡಿದ ದಾರಿ ಅಂತ ಎದುರುದಾರರೇ ಹೇಳಿದ್ದಾರೆ. ಸಾಕ್ಷಿಗಳು ಇಷ್ಟೂ ಜನ." ಆಮೇಲೆ ಕೇರಿಯವರಿಗೆ ಹೇಳಿದರು: "ತೆರವಿಗೆ ಆದೇಶ ಮಾಡ್ತೀನಿ. ಕಚೇರಿಯಿಂದ ಬರುತ್ತೆ."

ಕಚೇರಿಯಿಂದ ಬರುವುದು ಬೇರೆ, ಹಳ್ಳಕ್ಕೆ ಮಣ್ಣು ಬೀಳುವುದು ಬೇರೆ. ಇದನ್ನು ಕೇರಿಗೆ ಯಾರೂ ಕಲಿಸಬೇಕಾಗಿಲ್ಲ.

ಪಾಪಮ್ಮ ಕಿಟಕಿಯಿಂದ ಶಿವರಾಜುವನ್ನು ಕರೆದಳು. "ಶಿವ್ರಾಜಪ್ಪ, ಗುಂಬ ನಿಮ್ದೇ ಅಂದ್ಯಲ್ಲ, ಒಸಾ ಚೀಲ ಬಂದ್ಮೇಲೆ ಬಂದು ತಕ್ಕಂಡೋಗು. ಅಲ್ಲೀಗಂಟ ಎರ್ವಲು ಅನ್ಕೋ. ನಡಿಲಾ ಪ್ರೇಮ, ನರ್ಸಮ್ಮ ಬಯ್ತದೆ."

ಗಾಡಿ ಟಾರು ರಸ್ತೆ ಹತ್ತಿ, ಎಡಹೆಗಲು ಮೇಲೆ ಮಾಡಿಕೊಂಡೇ, ನಂಜನಗೂಡಿನ ಕಡೆಗೆ ತಿರುಗಿತು. ಅದು ಕಣ್ಮರೆಯಾಗುವವರೆಗೂ ಕವನ ಅದರ ಸದ್ದು ಕೇಳುತ್ತ ನಿಂತಿದ್ದಳು. ಗಾಳಿ ಎಲ್ಲೂ ಸೋರುತ್ತಿರಲಿಲ್ಲ. ತಹಶೀಲ್ದಾರರ ಜೀಪೂ ಹೊರಟ ಮೇಲೆ ಅವಳು ಮುತ್ತಮ್ಮನ ಕೈಯಿಂದ ಗುದ್ದಲಿ ಇಸಿದುಕೊಂಡು ದಿಬ್ಬ ಹತ್ತಿದಳು. ಅವಳ ಹಿಂದೆ ಬಾಂಡ್ಲಿಗಳು ಬಂದವು.

ಮೊದಲ ಹೆಂಟೆ ಹಳ್ಳಕ್ಕೆ ಬಿದ್ದಾಗ ಕೃಷ್ಣಕುಮಾರ್ ಓಡಿಬಂದ. "ಏಯ್, ಆದೇಶ ಬರ್ಲಿ ಅಂತ ಮೇಡಂ ಅಂದ್ರಲ್ಲ! ಆದೇಶ ಇಲ್ದೆ ಎಂಗ್ ಮುಚ್ತೀರಿ?"

ಕವನ ಗುದ್ದಲಿ ಎತ್ತಿ ಹಿಡಿದು ತಿರುಗಿ ನೋಡಿದಳು.

"ತೋಡುವಾಗ ಯಾವ ಆದೇಶ ಬಂದಿತ್ತು?" ಎಂದಳು. ಗುದ್ದಲಿ ಇಳಿಯಿತು.